ಏಳನೆಯ ಕಲಮು ಮುಗಿಯುವವರೆಗೆ ಅನ್ನದುಂಡೆ ಇಲ್ಲ

ಬೆಳಗಿನ ಆರು ಗಂಟೆ. ತೈಪೆಯ ಶಾಸನಸಭೆಯ ಹಿಂದಿನ ಗಲ್ಲಿಯಲ್ಲಿ ಲಿಯಾವ್ ಅಜ್ಜಿಯ ಗಾಡಿಯಿಂದ ಅಂಟಕ್ಕಿಯ ಹಬೆ ಏಳುತ್ತಿದೆ. ಸಮಿತಿ ಗುಮಾಸ್ತೆ ಕೋ ಶು-ಚಿನ್ ತಲೆ ತಗ್ಗಿಸಿ ಗಾಡಿ ದಾಟುತ್ತಾರೆ.

"ಏನೇ, ನನ್ನ ಅನ್ನದುಂಡೆ ಹಳಸಿತ್ತಾ? ಬೇರೆ ಗಾಡಿ ಹಿಡಿದ್ಯಾ?"

"ಡಯಟ್ಟು ಅಜ್ಜಿ!"

ಸುಳ್ಳು. ಒಳಗೆ ಮೇಜಿನ ಮುಂದೆ ಕೂತು ಅವರು ಬಿಸ್ಕತ್ತು ತಿನ್ನುತ್ತಾರೆ.

ಎಡಕ್ಕೆ ಕಾಯ್ದೆ, ಬಲಕ್ಕೆ ಸಚಿವಾಲಯ ಅದರಡಿ ಹೊರಡಿಸಿದ ನಿಯಮ, ನಡುವೆ ಮರದ ಅಳತೆಪಟ್ಟಿ. ಇಪ್ಪತ್ತೆರಡು ವರ್ಷಗಳಿಂದ ಇದೇ ಕೆಲಸ, ವರ್ಷಕ್ಕೆ ಸುಮಾರು ನಾನೂರು ನಿಯಮ. "ಕಾಯ್ದೆ ಕೊಡದ ಅಧಿಕಾರನ ನಿಯಮ ತಾನೇ ತಗೊಂಡಿದ್ಯಾ? ಅಷ್ಟೇ ನೋಡೋದು," ಎನ್ನುತ್ತಾರೆ. ತಗೊಂಡಿದ್ದರೆ ಸಮಿತಿಗೆ ಟಿಪ್ಪಣಿ ಬರೆಯುತ್ತಾರೆ. ಸಮಿತಿ ಮೂರು ತಿಂಗಳಲ್ಲಿ ನೋಡದಿದ್ದರೆ ನೋಡಿ ಒಪ್ಪಿದಂತೆಯೇ ಲೆಕ್ಕ. ಹೆಚ್ಚಿನವು ಹಾಗೆಯೇ ದಾಟುತ್ತವೆ.

ಈಗ ಮೇಜಿನ ಮೇಲಿರುವುದು ತಿಂಡಿ ಗಾಡಿಗಳ ನಿಯಮ. ಕಾಯ್ದೆ ಸಚಿವಾಲಯಕ್ಕೆ ಕೊಟ್ಟಿರುವುದು ಸ್ವಚ್ಛತೆಯ ಅಧಿಕಾರ ಮಾತ್ರ. ನಿಯಮದ ಏಳನೆಯ ಕಲಮು ಅರವತ್ತೈದು ದಾಟಿದವರಿಗೆ ಜನವರಿಯಿಂದ ಪರವಾನಗಿಯನ್ನೇ ನಿಲ್ಲಿಸುತ್ತದೆ. ಲಿಯಾವ್ ಅಜ್ಜಿಗೆ ಎಪ್ಪತ್ತೊಂದು. ಮೂರು ತಿಂಗಳ ಗಡುವು ಇವತ್ತಿಗೆ ಮುಗಿಯುತ್ತದೆ.

ಹಾಗಾದರೆ ಅಜ್ಜಿಯ ಗಾಡಿ ತಪ್ಪಿಸಿ ಓಡಾಡುವುದೇಕೆ? "ಆಕೆ ಕೇಳದೇನೇ ಒಂದು ಮೊಟ್ಟೆ ಜಾಸ್ತಿ ಹಾಕ್ತಾಳೆ. ಅದನ್ನ ತಿಂದು ಟಿಪ್ಪಣಿ ಬರೆದೆ ಅಂತ ಯಾರಾದ್ರೂ ಅಂದ್ರೆ, ಮೊಟ್ಟೆ ಮಾತು ಉಳಿಯುತ್ತೆ, ಟಿಪ್ಪಣಿ ಬಿದ್ದೋಗುತ್ತೆ."

ಸಮಿತಿಯ ಪಟ್ಟಿಯಲ್ಲಿ ಅವರ ಟಿಪ್ಪಣಿ ಹದಿನೇಳನೆಯದು. ಹನ್ನೆರಡಕ್ಕೆ ಸಭೆ ಮುಗಿಯಬೇಕು. ಹನ್ನೊಂದೂ ಮುಕ್ಕಾಲಿಗೆ ಅದರ ಸರದಿ ಬರುತ್ತದೆ. ಸಚಿವಾಲಯದ ಅಧಿಕಾರಿ ಎದ್ದು, "ವಯಸ್ಸಾದವರ ಕೈ ನಡುಗುತ್ತೆ ಸಾರ್, ಅದೂ ಸ್ವಚ್ಛತೆಯ ವಿಷಯಾನೇ," ಎನ್ನುತ್ತಾರೆ.

ಅಧ್ಯಕ್ಷರು ಟೀ ಲೋಟವನ್ನು ಎತ್ತಿ ಹಿಡಿಯುತ್ತಾರೆ. "ನನಗೆ ಅರವತ್ತೆಂಟು. ನಡುಗ್ತಿದ್ಯೇನ್ರೀ?"

ಸಭೆ ಗೊಳ್ಳೆಂದು ನಗುತ್ತದೆ. ಏಳನೆಯ ಕಲಮನ್ನು ಕೈಬಿಡುವಂತೆ ನಿಯಮ ಸಚಿವಾಲಯಕ್ಕೆ ವಾಪಸಾಗುತ್ತದೆ. ಟಿಪ್ಪಣಿ ಬರೆದವರ ಹೆಸರನ್ನು ಯಾರೂ ಹೇಳುವುದಿಲ್ಲ. ಹೇಳುವ ಪದ್ಧತಿಯೂ ಇಲ್ಲ.

ಮರುದಿನ ಬೆಳಿಗ್ಗೆ ಶು-ಚಿನ್ ನೇರ ಗಾಡಿಯ ಮುಂದೆ ನಿಲ್ಲುತ್ತಾರೆ.

"ಮುಗೀತಾ ಡಯಟ್ಟು? ಒಂದು ಸುತ್ತೂ ಇಳಿದಿಲ್ವಲ್ಲೇ!" ಅಜ್ಜಿ ಉಂಡೆಯೊಳಗೆ ಎರಡು ಮೊಟ್ಟೆ ಒತ್ತುತ್ತಾಳೆ. ಏಳನೆಯ ಕಲಮು ಬಂದದ್ದೂ ಹೋದದ್ದೂ ಆಕೆಗೆ ಗೊತ್ತಿಲ್ಲ.

ಹೇಳಬಾರದೇ ಎಂದರೆ ಶು-ಚಿನ್ ಬಾಯಿ ತುಂಬ ಅನ್ನ ಇಟ್ಟುಕೊಂಡೇ ನಗುತ್ತಾರೆ. "ಹೇಳಿದ್ರೆ ನಾಳೆಯಿಂದ ಮೂರು ಮೊಟ್ಟೆ. ಮುಂದಿನ ನಿಯಮ ಬಂದಾಗ ಮತ್ತೆ ಬಿಸ್ಕತ್ತು ತಿನ್ನಬೇಕಲ್ಲ, ಆಗ ಬಿಡೋದು ಇನ್ನೂ ಕಷ್ಟ."