ಸ್ವಿಚ್ಚಿಗೆ ರಜೆ ಕೊಟ್ಟ ಎರ್ರಿಸ್ವಾಮಿ

ಹೊಳಲ್ಕೆರೆಯ ಒಂದು ಖಾಸಗಿ ಕಾಲೇಜಿನಲ್ಲಿ ಎರ್ರಿಸ್ವಾಮಿ ಹದಿನಾಲ್ಕು ವರ್ಷದಿಂದ ಹಂಗಾಮಿ ಲ್ಯಾಬ್ ಸಹಾಯಕ. ಹಂಗಾಮಿ ಎಂದರೆ ಹಂಗಿನಲ್ಲಿರುವ ಆಸಾಮಿ ಎಂದು ಅವನೇ ಅರ್ಥ ಹೇಳಿ ನಗುತ್ತಿದ್ದ. ನಲವತ್ತು ದಾಟಿದ ಮೇಲೆ ನಗುವುದನ್ನು ಬಿಟ್ಟು ಅರ್ಥವನ್ನಷ್ಟೇ ಹೇಳತೊಡಗಿದ.

ಅಪ್ಪ ದೊಡ್ಡತಿಮ್ಮಪ್ಪ ಚಿಕ್ಕಜಾಜೂರು ಜಂಕ್ಷನ್ನಿನಲ್ಲಿ ಪಾಯಿಂಟ್ಸ್‌ಮನ್. ಹಳಿ ಸರಿಸಿ ಚಿತ್ರದುರ್ಗದ ಗಾಡಿಯನ್ನು ಒಂದು ಕಡೆ, ದಾವಣಗೆರೆಯ ಗಾಡಿಯನ್ನು ಇನ್ನೊಂದು ಕಡೆ ಕಳಿಸುತ್ತಿದ್ದವನು. 2004ರಲ್ಲಿ ಕಾಲೇಜಿಗೆ ಇಂಟರ್ನೆಟ್ ಬಂದಾಗ ಮಗನಿಗೂ ಅದೇ ಕೆಲಸ ಒದಗಿತು. ಇದ್ದದ್ದು ಒಂದೇ ಲೈನು, ಒಂದೇ ರೂಟರು, ಎಲ್ಲ ಕಂಪ್ಯೂಟರುಗಳ ತಂತಿ ಬಂದು ಸೇರುವ ಸ್ವಿಚ್ಚೆಂಬ ಒಂದೇ ಡಬ್ಬಿ. ಹುಡುಗರು ಲ್ಯಾಬಿನಲ್ಲಿ ಹಾಡು ಇಳಿಸಿಕೊಳ್ಳಲು ಕೂತರೆ ಆಫೀಸಿನ ಕಂಪ್ಯೂಟರು ಆಕಳಿಸುತ್ತಿತ್ತು. ಎರ್ರಿಸ್ವಾಮಿ ದುರ್ಗದಿಂದ ಜೆರಾಕ್ಸ್ ಮಾಡಿಸಿ ತಂದ ಪುಸ್ತಕ ಹಿಡಿದು ಮೂರು ತಿಂಗಳು ಹೆಣಗಿ, ಆ ಸ್ವಿಚ್ಚಿನೊಳಗೆ ಕಣ್ಣಿಗೆ ಕಾಣದ ಗೋಡೆ ಎಬ್ಬಿಸಿದ. ಪುಸ್ತಕ ಅದನ್ನು ವಿಲ್ಯಾನ್ ಎನ್ನುತ್ತಿತ್ತು. ಹತ್ತನೇ ನಂಬರು ಆಫೀಸು, ಇಪ್ಪತ್ತು ಲ್ಯಾಬು. ಎರಡರ ಸರಕೂ ತಂತಮ್ಮ ನಂಬರಿನ ಬಿಲ್ಲೆ ಕಟ್ಟಿಕೊಂಡು ಒಂದೇ ತಂತಿಯ ಮೇಲೆ ರೂಟರಿಗೆ ಹೋಗಬೇಕು. ರೂಟರು ಬಿಲ್ಲೆ ನೋಡಿ ಹೊರಗೆ ಬಿಡಬೇಕು.

"ಬಿಲ್ಲೆ ಇಲ್ದಿದ್ರೆ ಗೇಟ್ ತೆಗಿಯಲ್ಲ" ಎನ್ನುವಾಗ ಅವನಿಗೆ ಅಪ್ಪನದೇ ದನಿ. ಬದುಕಿನಲ್ಲಿ ಅವನು ಕಟ್ಟಿದ್ದು ಅದೊಂದೇ ಗೋಡೆ, ಅದೂ ಕಾಣದ್ದು.

2006ರ ದಸರಾ. ರಜೆಗೆ ಮುಂಚೆ ಶನಿವಾರವೇ ಕಾಲೇಜಿನ ಆಯುಧಪೂಜೆ. ಅಟೆಂಡರ್ ನಿಂಗಕ್ಕ ವಿಭೂತಿ, ಚೆಂಡುಹೂವು ಹಿಡಿದು ಬಂದಳು.

"ಏನಪ್ಪ, ಜೆರಾಕ್ಸ್ ಮಿಷಿನ್ನೂ ನಿಲ್ಸಿ ಕುಂದ್ರಿಸ್ಯಾರೆ. ನಿನ್ ಡಬ್ಬಿ ಮಾತ್ರ ಮಿಣಿಮಿಣಿ ಅಂತೈತಲ್ಲ? ದುಡಿಯೋದ್ರ ತಲಿ ಮ್ಯಾಲೆ ಹೂ ಇಟ್ರೆ ದೇವ್ರು ಒಪ್ತಾನಾ?"

"ಹೌದು ಕಣಕ್ಕ. ಎರಡು ವರ್ಷದಿಂದ ಕಣ್ಣೇ ಮುಚ್ಚಿಲ್ಲ, ಪಾಪ."

ಕರೆಂಟು ಹೋದರೂ ಬ್ಯಾಟರಿ ಕಾಯುತ್ತಿದ್ದ ಸ್ವಿಚ್ಚನ್ನು ಅವನೇ ಕೈಯಾರೆ ಆರಿಸಿ, ಒರೆಸಿ, ಮೂರು ಗೆರೆ ವಿಭೂತಿ ಹಚ್ಚಿ ಕೈಮುಗಿದ. ಬೇಡಿಕೊಳ್ಳುವುದೂ ಇತ್ತು. ಕಾಯಂ ಆಗಬೇಕಾದವರ ಅರ್ಜಿ ಮಂಗಳವಾರ ಸಂಜೆ ಐದರೊಳಗೆ, ಕಾಲೇಜಿನ ಲೈನಿನಿಂದಲೇ, ಇಲಾಖೆಯ ವೆಬ್‌ಸೈಟಿಗೆ ಹೋಗಬೇಕು. ಅರ್ಜಿಯಲ್ಲಿದ್ದದ್ದು ಅವನ ಹೆಸರೊಂದೇ. ಈ ಸಲ ತಪ್ಪಿದರೆ ವಯಸ್ಸು ಮೀರುತ್ತಿತ್ತು.

ಮಂಗಳವಾರ ಸ್ವಿಚ್ಚು ಹಾಕಿದಾಗ ಹಸಿರು ದೀಪಗಳೆಲ್ಲ ಹತ್ತಿದವು. ಅರ್ಜಿಗೆ ಆಡಳಿತ ಮಂಡಳಿಯ ಸಹಿ ಬಂದದ್ದು ನಾಲ್ಕು ಗಂಟೆಗೆ.

"ಎರ್ರಿಸ್ವಾಮಿ, ಪೇಜೇ ಬರ್ತಿಲ್ಲ" ಎಂದರು ಪ್ರಿನ್ಸಿಪಾಲ್ ಶಿವಕುಮಾರಪ್ಪ. "ನೋಡ್ರಿ, ನಿಮ್ದೇ ಕೆಲ್ಸ ಇದು."

ನೋಡಿದರೆ ಒಳಗೆ ಗೋಡೆಯೇ ಇಲ್ಲ. ಹತ್ತೂ ಇಲ್ಲ, ಇಪ್ಪತ್ತೂ ಇಲ್ಲ; ಅಂಗಡಿಯಿಂದ ತಂದ ದಿನದ ಹಾಗೆ ಬೋಳು. ಬಿಲ್ಲೆಯಿಲ್ಲದ ಸರಕನ್ನು ರೂಟರು, ಅವನೇ ಕಲಿಸಿದಂತೆ, ತಡೆದು ನಿಲ್ಲಿಸಿತ್ತು.

ದುರ್ಗದ ಗೆಳೆಯ ಮುರುಗೇಶನಿಗೆ ಫೋನು ಮಾಡಿದ. "ಎಲ್ಲಾ ಬರೆದಾದ್ಮ್ಯಾಲೆ ಸೇವ್ ಮಾಡಿದ್ಯೇನಲೇ? ಇಲ್ದಿದ್ರೆ ಆರಿಸಿದ ಕೂಡ್ಲೇ ಎಲ್ಲಾ ಅಳಿಸಿಹೋಗ್ತೈತೆ."

"ಪುಸ್ತಕದಾಗೆ ಹಂಗೇನೂ ಇಲ್ವಲ್ಲೋ."

"ಕೊನೇ ಹಾಳೆ ನೋಡು."

ಕೊನೇ ಹಾಳೆ ಜೆರಾಕ್ಸ್ ಆಗಿರಲೇ ಇಲ್ಲ. ಹದಿನಾಲ್ಕು ವರ್ಷ ಸೇವೆ ಮಾಡಿದವನು ಒಮ್ಮೆಯೂ ಸೇವ್ ಮಾಡಿರಲಿಲ್ಲ.

ಮತ್ತೆ ಮೊದಲಿನಿಂದ ಕಟ್ಟಲು ಕೂತ. ಸ್ವಿಚ್ಚು ಮುಟ್ಟಿದ ಬೆರಳಿನ ವಿಭೂತಿ ಕೀಲಿಮಣೆಗೆಲ್ಲ ಹತ್ತಿತು. ಶಿವಕುಮಾರಪ್ಪ ಬಾಗಿಲಲ್ಲಿ ನಿಂತು ಗಡಿಯಾರ ನೋಡಿದರು, ಅವನನ್ನು ನೋಡಲಿಲ್ಲ. ಐದು ಹನ್ನೆರಡಕ್ಕೆ ಪೇಜು ಬಂತು. ಅವಧಿ ಮುಗಿದಿದೆ ಎಂದು ಬರೆದಿತ್ತು.

"ಬಂತಲ್ಲಪ್ಪ!" ನಿಂಗಕ್ಕ ಹಿಗ್ಗಿದಳು. "ಪೂಜೆ ಸುಳ್ಳಾಗ್ಲಿಲ್ಲ ನೋಡು."

"ಹೂಂ ಕಣಕ್ಕ, ಬಂತು."

ಮುರುಗೇಶ ಹೇಳಿದಂತೆ ಈ ಸಲ ಸೇವ್ ಒತ್ತಿದ. ಗೋಡೆ ಕಾಯಂ ಆಯಿತು. ಕಟ್ಟಿದವನು ಬಾಡಿದ ಚೆಂಡುಹೂವನ್ನು ಬುಟ್ಟಿಗೆ ಹಾಕಿ, ಹಂಗಾಮಿಗಳ ಹಾಜರಿ ಪುಸ್ತಕದಲ್ಲಿ ಸಹಿ ಮಾಡಲು ಹೋದ.