ಎರಡನೆಯ ಸೀನು

ಎಸ್ಟೇಟಿನ ಸಾಹುಕಾರರ ಮನೆಯವರು ಮಗನಿಗೆ ಹೆಣ್ಣು ನೋಡಲು ಜೀಪು ಹತ್ತಿ ಕೂತಿದ್ದರು. ಇನ್ನೇನು ಹೊರಡಬೇಕು, ನಾನು ಸೀನಿಬಿಟ್ಟೆ. ಒಂದೇ ಒಂದು ಸೀನು!

ಕೊಡಗು ಬೇರೆ ರಾಜ್ಯವಾಗಿದ್ದ ಕಾಲವದು. ಗಾಳಿಬೀಡಿನ ಅವರ ಬಂಗಲೆಯ ಅಂಗಳದ ಹುಲ್ಲು ಕೊಯ್ಯುವುದು ನನ್ನ ಕೆಲಸ. ಹುಲ್ಲು ಹೂಬಿಟ್ಟರೆ ನನ್ನ ಮೂಗು ಸುಮ್ಮನಿರದು. ಅದಕ್ಕೇ ಮೂಗಿಗೆ ಒದ್ದೆ ಬಟ್ಟೆ ಕಟ್ಟಿಕೊಂಡು ಕೊಯ್ಯುತ್ತಿದ್ದೆ. ಆವತ್ತು ದೊಡ್ಡವರು ಅಂಗಳಕ್ಕೆ ಬಂದರೆಂದು ಮರ್ಯಾದೆಗೆ ಅದನ್ನು ಬಿಚ್ಚಿದ್ದೇ ತಪ್ಪಾಯಿತು.

ಸಾಹುಕಾರರ ಹೆಂಡತಿ ಇಳಿದೇಬಿಟ್ಟರು. "ಒಂಟಿ ಸೀನು ಅಪಶಕುನ. ಇನ್ನೊಂದು ಸೀನು ಮಾರಾಯ್ತಿ, ಇಲ್ಲದಿದ್ರೆ ನಾವು ಹೋಗುದಿಲ್ಲ!"

ಬೇಕೆಂದಾಗ ಬರುತ್ತದೆಯೇ ಅದು? ಕೆಲಸ ಹೋಯಿತೆಂದೇ ಹೆದರಿ, ಕೊಯ್ದ ಹುಲ್ಲಿನ ರಾಶಿಗೆ ಮುಖ ಹುದುಗಿಸಿದೆ. ಒಂದಲ್ಲ, ಸಾಲಾಗಿ ಏಳೆಂಟು ಬಂದವು!

"ಸಾಕು ಸಾಕು, ನನ್ನ ಮಗನಿಗೆ ಒಂದೇ ಹೆಂಡ್ತಿ ಸಾಕು!" ಎಂದು ಆ ಅಮ್ಮ ನಗುತ್ತಾ ಜೀಪು ಹತ್ತಿದರು. ಸಂಜೆ ಸಂಬಂಧ ಕುದುರಿಸಿಕೊಂಡು ಬಂದವರು ಮೊದಲ ಸಿಹಿಯನ್ನು ನನ್ನ ಕೈಗೇ ಇಟ್ಟರು.

ಈಗಲೂ ಹುಲ್ಲು ಹೂಬಿಟ್ಟಾಗ ನನಗೆ ಸೀನು ಶುರುವಾಗುತ್ತದೆ. ಮೊಮ್ಮಕ್ಕಳು ಮಾತ್ರೆ, ನೀರು ಹಿಡಿದು ಓಡಿಬಂದು, ನುಂಗುವ ಮೊದಲು ಈ ಕಥೆ ಹೇಳೆನ್ನುತ್ತಾರೆ. ಅವರು ಬಿದ್ದುಬಿದ್ದು ನಗುವಷ್ಟು ಹೊತ್ತೂ ನನಗೆ ಹದಿನೆಂಟೇ ವರ್ಷ.