ನಾನು ಸರಿಸಿಟ್ಟ ಚಪ್ಪಲಿ

ತೊಂಬತ್ತರ ದಶಕದಲ್ಲಿ ನಾನು ಶಿಕಾರಿಪುರದಿಂದ ಪತ್ರಿಕೆಯೊಂದಕ್ಕೆ ಸುದ್ದಿ ಕಳಿಸುತ್ತಿದ್ದೆ. ಕಣ್ಣಾರೆ ಕಾಣದ್ದನ್ನು ಬರೆಯುವುದಿಲ್ಲ ಎಂಬುದು ನನ್ನ ನಿಯಮ. ಅದನ್ನು ನಾಲ್ಕು ಜನರ ಮುಂದೆ ಹೇಳಿಕೊಳ್ಳುವ ಚಟವೂ ಇತ್ತು.

ಬೆಂಗಳೂರಿನ ಕಲಾವಿದೆಯೊಬ್ಬರು ವಿಡಿಯೊ ಕ್ಯಾಮೆರಾ ಹಿಡಿದು ಬಂದಿದ್ದರು. ಬಂದಳಿಕೆ ಕಡೆಯ ಪಾಳು ಗುಡಿಗಳನ್ನೂ ಅವುಗಳ ನಡುವೆ ಬದುಕುವವರನ್ನೂ ಇದ್ದದ್ದು ಇದ್ದ ಹಾಗೆ ತೋರಿಸುವುದು ಅವರ ಉದ್ದೇಶ. ದಾರಿ ತೋರಿಸಲು ನಾನು ಹೋಗಿದ್ದೆ. ಒಂದು ಒಂಟಿ ಗುಡಿಯ ಪಕ್ಕದ ಬಯಲಿನಲ್ಲಿ ನನಗೆ ಪರಿಚಯದ ಕುರಿಗಾರರೊಬ್ಬರು ಕುರಿ ಮೇಯಿಸುತ್ತಿದ್ದರು. ಅವರ ತಂದೆಯ ಕಾಲದಿಂದ ಅದೇ ಅವರ ಮೇವಿನ ಜಾಗ. ಕುರಿಗಳು ಕಂಬಗಳ ನಡುವೆ ನಿಂತರೆ ಚೆನ್ನಾಗಿರುತ್ತದೆ ಎಂದರು ಕಲಾವಿದೆ.

"ಗುಡಿಯೊಳಗ ಕುರಿ ಬಿಡಂಗಿಲ್ರೀ," ಎಂದರು ಕುರಿಗಾರರು.

"ಒಳಗ ದೇವರೇ ಇಲ್ಲಲ್ಲ ಯಜಮಾನ್ರೇ," ಎಂದೆ ನಾನು.

"ದೇವರಿಲ್ಲ ಅಂದ್ರ ಗುಡಿ ಕುರಿಹಟ್ಟಿ ಆಕ್ಕತೇನ್ರೀ?"

ಬುತ್ತಿ ತಂದಿದ್ದ ಅವರ ಹೆಂಡತಿ ನಕ್ಕರು. "ಹೋಗ್ರೀ, ಟೀವಿಯಾಗ ಬರ್ತೀರಂತೆ. ಈ ಮೀಸಿ ನಾನೊಬ್ಬಾಕಿನೇ ಎಷ್ಟಂತ ನೋಡ್ಲಿ, ಊರೋರೂ ನೋಡ್ಲಿ."

"ಐದೇ ನಿಮಿಷ. ನಾನಿದ್ದೀನಲ್ಲ," ಎಂದೆ. ಆ ಮಾತಿಗೆ ಕುರಿಗಾರರು ಒಪ್ಪಿದರು.

ಮೆಟ್ಟಿಲ ಬಳಿ ಚಪ್ಪಲಿ ಬಿಟ್ಟು, ಹೊಸ್ತಿಲು ಮುಟ್ಟಿ ಕಣ್ಣಿಗೊತ್ತಿಕೊಂಡು ಒಳಗೆ ಹೋದರು. ಕುರಿಗಳು ಹಿಂಬಾಲಿಸಲಿಲ್ಲ, ಅವಕ್ಕೆ ಅಭ್ಯಾಸವಿರಲಿಲ್ಲ. ಹಿಂದಿನಿಂದ ಅಟ್ಟಿದವನು ನಾನು. ಕ್ಯಾಮೆರಾದಲ್ಲಿ ಚಪ್ಪಲಿ ಕಾಣುತ್ತಿದೆ, ತೆಗೆಯಿರಿ ಎಂದರು ಕಲಾವಿದೆ. ಅದನ್ನೂ ಎತ್ತಿ ಗೋಡೆಯ ಹಿಂದೆ ಇಟ್ಟೆ. ಹೊರಗೆ ಬಂದು ಕುರಿಗಾರರು ಹುಡುಕಾಡಿದಾಗ ನಾನೇ ತಂದುಕೊಟ್ಟೆ. ಆ ವಾರ ಪತ್ರಿಕೆಗೆ ಚಿತ್ರೀಕರಣದ ಸುದ್ದಿ ಕಳಿಸಿದೆ. ಪಾಳು ಗುಡಿಯಲ್ಲಿ ಕುರಿಗಳು ಆಸರೆ ಪಡೆಯುತ್ತವೆ ಎಂದು ಅದರಲ್ಲಿ ಬರೆದಿದ್ದೆ.

ಮರುವರ್ಷ ಆ ವಿಡಿಯೊ ಬೆಂಗಳೂರಿನಲ್ಲಿ ಪ್ರದರ್ಶನವಾಯಿತು. ಪುರಾತತ್ವ ಇಲಾಖೆಯ ಯಾರೋ ಮೇಲಿನವರು ನೋಡಿ, ಚಿತ್ರೀಕರಣದ ದಿನ ಅಲ್ಲಿರದಿದ್ದ ಗುಡಿಯ ಕಾವಲುಗಾರನನ್ನು ಗದರಿದರು. ಅವನು ಊರಿನ ಹಿರಿಯರ ಮುಂದೆ ಕುರಿಗಾರರ ಮೇಲೆ ದೂರು ಹೇಳಿದ. ನನ್ನನ್ನೂ ಕರೆಸಿದರು.

"ದಿನಾ ಒಳಗ ಕುರಿ ಹೊಡಿತಾರ. ವಿಡಿಯೊದಾಗೇ ಐತಿ," ಎಂದ ಕಾವಲುಗಾರ.

"ಒಂದೇ ದಿನ, ಅದೂ ಇವರು ಹೇಳಿದ್ದಕ್ಕ," ಎಂದು ಕುರಿಗಾರರು ನನ್ನ ಕಡೆ ಕೈ ತೋರಿಸಿದರು. "ನಾನು ಮೆಟ್ಟು ಹೊರಗ ಬಿಟ್ಟು ಹೋಗಿದ್ದೆ. ದಿನಾ ಕುರಿ ಹೊಡಿಯೋನು ಮೆಟ್ಟು ಬಿಡ್ತಾನೇನು? ಅದರಾಗೇ ನೋಡ್ರಿ."

"ಅದರಾಗ ಯಾವ ಮೆಟ್ಟೂ ಇಲ್ಲ," ಎಂದ ಕಾವಲುಗಾರ.

ಹಿರಿಯರೊಬ್ಬರು ನನ್ನನ್ನು ಕೇಳಿದರು. "ನೀವು ಒಳಗ ಕುರಿ ನೋಡಿದ್ರೇನ್ರೀ?"

"ನೋಡಿದೆ," ಎಂದೆ.

ಅದು ನಿಜ. ಅಟ್ಟಿದವನು ನಾನೇ ಎಂಬುದು ಮುಂದಿನ ವಾಕ್ಯವಾಗಬೇಕಿತ್ತು. ಅದನ್ನು ಹೇಳಿದರೆ ಅಚ್ಚಾದ ನನ್ನ ಸುದ್ದಿ ಸುಳ್ಳಾಗುತ್ತಿತ್ತು, ಸಂಪಾದಕರಿಗೂ ತಿಳಿಯುತ್ತಿತ್ತು. ಇನ್ನೊಂದು ಪ್ರಶ್ನೆ ಕೇಳಿದರೆ ಹೇಳೋಣ ಎಂದುಕೊಂಡೆ. ಕೇಳಲಿಲ್ಲ.

"ಪೇಪರ್‌ನೋರೇ ನೋಡ್ಯಾರ ಅಂದ ಮ್ಯಾಲ ಇನ್ನೇನೈತಿ?" ಎಂದು ಹಿರಿಯರು ಎದ್ದರು. ಇನ್ನು ಆ ಬಯಲಿಗೆ ಕುರಿ ತರಕೂಡದು ಎಂದಾಯಿತು.

ಹೊರಗೆ ಬಂದಾಗ ಕುರಿಗಾರರು ಬೈಯಲಿಲ್ಲ. "ಅವತ್ತು ನನ್ನ ಮೆಟ್ಟು ಹುಡುಕಿಕೊಟ್ಟೋರೂ ನೀವೇ ಅಲ್ಲೇನ್ರೀ?" ಎಂದಷ್ಟೇ ಕೇಳಿದರು. ಅವರ ಹೆಂಡತಿ ನನ್ನ ಮುಖ ನೋಡಲಿಲ್ಲ.

ಮುಂದೊಂದು ದಿನ ಸೊರಬಕ್ಕೆ ಹೋಗುವಾಗ ರಸ್ತೆಗೆ ಅಡ್ಡಬಂದ ಹಿಂಡಿಗಾಗಿ ಬಸ್ಸು ನಿಂತಿತು. ಮೇವು ಹುಡುಕಿಕೊಂಡು ಅಷ್ಟು ದೂರ ಬಂದವರು ಆ ಕುರಿಗಾರರೇ. ಕಿಟಕಿಯಲ್ಲಿ ನನ್ನನ್ನು ಕಂಡು, "ಆರಾಮ ಅದೀರೇನ್ರೀ?" ಎಂದರು.

"ಆರಾಮ," ಎಂದೆ. ಕುರಿಗಳು ದಾಟುವವರೆಗೂ ಸಮಯವಿತ್ತು. ಬೇರೇನನ್ನೂ ಹೇಳಲಿಲ್ಲ.